ಗಾಯಕ್ಕೆ ಉಸಿರು

ಶ್ರೀರಂಗಪಟ್ಟಣದ ಯುದ್ಧಗಳನ್ನು ನೆನೆಯುವವರಿಗೆ ಕೋಟೆಯೂ ಕಂದಕವೂ ಕಣ್ಣಿಗೆ ಕಟ್ಟುವುವು. ಬಡವನೊಬ್ಬನ ಮೂಗು ನೆನಪಾಗುವುದು ಅಪೂರ್ವ. ೧೭೯೨ರ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದ ಕವಾಸ್ಜಿ ಎಂಬ ಮರಾಠನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಒಂದು ವರುಷದ ಮೇಲೆ ಪುಣೆಯ ಬಳಿ, ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಅವನಿಗೆ ಹೊಸ ಮೂಗನ್ನು ಕಟ್ಟಿದನು. ೧೭೯೪ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಈ ವೃತ್ತಾಂತವನ್ನು ಚಿತ್ರಸಹಿತವಾಗಿ ಅಚ್ಚುಮಾಡಿತು.

ಮೇಣದ ತೆಳುವಾದ ಬಿಲ್ಲೆಯನ್ನು ಮೂಗಿನ ಮೋಟಿನ ಮೇಲೆ ಕೂರಿಸಿ ಆಕಾರ ತೆಗೆದು, ಅದನ್ನೇ ಚಪ್ಪಟೆಮಾಡಿ ಹಣೆಯ ಮೇಲಿಟ್ಟು ಗೆರೆಯೆಳೆದು, ಅಷ್ಟು ತೊಗಲನ್ನು ಬಿಡಿಸಿ ಕೆಳಕ್ಕೆ ತಿರುಗಿಸುವುದು. ಕೂಡಿದ ಅಂಚಿಗೆ ನೀರಿನಲ್ಲಿ ಮೆತ್ತಗಾದ ಕಾಚನ್ನು ಬಟ್ಟೆಗೆ ಬಳಿದು ಹಚ್ಚುವುದು. ನಾಲ್ಕು ದಿನ ಕಳೆದಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಎಲೆಯಡಿಕೆಯ ತಟ್ಟೆಯೂ ಅಡಿಗೆಮನೆಯೂ ಸೇರಿ ನಡೆಸಿದ ಶಸ್ತ್ರವೈದ್ಯವೆನ್ನಬೇಕು! ಆದರೆ ಇದರ ಮರ್ಮ ಬೇರೆ. ಹುಬ್ಬುಗಳ ನಡುವೆ ತೊಗಲಿನ ಕಿರಿದಾದ ಪಟ್ಟಿಯೊಂದನ್ನು ಕಡಿಯದೆ ಉಳಿಸಿ, ಸುಮಾರು ಇಪ್ಪತ್ತೈದನೆಯ ದಿನದವರೆಗೆ ಅದಕ್ಕೆ ಕತ್ತಿ ಮುಟ್ಟಿಸುತ್ತಿರಲಿಲ್ಲ. ತವರು ಬಿಟ್ಟ ತೊಗಲು ಹೊಸ ಎಡೆಯಲ್ಲಿ ಬೇರೂರುವ ತನಕ ಆ ಪಟ್ಟಿಯ ಮೂಲಕವೇ ರಕ್ತ ಬರಬೇಕು, ರಕ್ತದೊಡನೆ ಪ್ರಾಣವಾಯು ಬರಬೇಕು.

ಇಂದಿನ ಶಸ್ತ್ರವೈದ್ಯರು ಸೂಕ್ಷ್ಮದರ್ಶಕದ ನೆರವಿನಿಂದ ಕಡ್ಡಿಯಷ್ಟು ಸಣ್ಣ ನಾಳಗಳನ್ನೂ ಹೊಲಿಯಬಲ್ಲರು. ಆದರೂ ಅವರ ಭಯ ಹಳೆಯದೇ: ಎಡೆ ಬದಲಿಸಿದ ತೊಗಲಿನ ತುದಿ ಕಪ್ಪಿಟ್ಟೀತು. ಹೊಸ ನಾರನ್ನು ನೇಯುವ ಜೀವಕಣಗಳಿಗೂ ರೋಗಾಣುಗಳನ್ನು ಕೊಲ್ಲುವ ಬಿಳಿಯ ರಕ್ತಕಣಗಳಿಗೂ ಪ್ರಾಣವಾಯು ಹೇರಳವಾಗಿ ಬೇಕು. ಅದು ಬರುವ ದಾರಿಯಾದರೋ ಗಾಯದಿಂದಲೇ ಕಡಿದುಹೋಗಿರುವುದು.

ಹಾಗಾದರೆ ಶುದ್ಧ ಪ್ರಾಣವಾಯುವನ್ನು ಮೂಗಿಗೆ ಹಿಡಿದರೆ ಸಾಲದೆ? ಸಾಲದು. ಕೆಂಪು ಕಣಗಳು ಸಾಮಾನ್ಯ ಗಾಳಿಯಲ್ಲಿಯೇ ಹೊರಬಹುದಾದುದನ್ನು ಬಹುಮಟ್ಟಿಗೆ ಹೊತ್ತಿರುವುವು. ತುಂಬಿದ ಕೊಡಕ್ಕೆ ಮತ್ತೆ ಹೊಯ್ದು ಫಲವೇನು? ಕಣಗಳು ತೇಲುವ ದ್ರವದಲ್ಲಿ ಎಡೆಯುಂಟು, ಆದರೆ ಸೋಡಾ ಮಾಡುವವನು ನೀರಿಗೆ ವಾಯುವನ್ನು ಅದುಮುವಂತೆ ಅದುಮಬೇಕು. ನೂರು ಮಿಲಿಲೀಟರ್ ರಕ್ತದಲ್ಲಿ ಎಂದಿನಂತೆ ಕರಗಿರುವುದು ಸುಮಾರು ೦.೩ ಮಿಲಿಲೀಟರ್, ಮೂರು ವಾಯುಭಾರದ ಒತ್ತಡದಲ್ಲಿ ಶುದ್ಧ ಪ್ರಾಣವಾಯುವನ್ನು ಉಸಿರಾಡಿದರೆ ಸುಮಾರು ೬. ಆಂಸ್ಟರ್‌ಡಾಮಿನ ಶಸ್ತ್ರವೈದ್ಯ ಬೋರೆಮಾ ೧೯೬೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಂಪು ಕಣಗಳನ್ನು ಬಹುತೇಕ ತೆಗೆದುಬಿಟ್ಟ ಹಂದಿಮರಿಗಳು ಒತ್ತಡದ ಕೋಣೆಯಲ್ಲಿ ಜೀವ ಹಿಡಿದುಕೊಂಡಿದ್ದುವು. ಮತ್ತೆ ರಕ್ತ ಕೊಟ್ಟಮೇಲೆ ಚೇತರಿಸಿಕೊಂಡುವು.

ಇಷ್ಟರಿಂದ ಈ ಕೋಣೆಯನ್ನು ಸಂಜೀವಿನಿ ಎಂದು ಸಾರುವವರಿಂದ ದೂರವಿರುವುದೇ ಲೇಸು. ಸತ್ತ ತೊಗಲು ಎದ್ದುಬಾರದು. ನಾಳ ಮಡಿಚಿಕೊಂಡೋ ರಕ್ತ ಹೆಪ್ಪುಗಟ್ಟಿಯೋ ತೊಗಲು ಕಂದುತ್ತಿದ್ದರೆ ಮೊದಲು ಬೇಕಾದುದು ಮತ್ತೊಮ್ಮೆ ಶಸ್ತ್ರಚಿಕಿತ್ಸೆ. ತಾನಾಗಿ ಮಾಯುತ್ತಿರುವ ಗಾಯಕ್ಕೆ ಇಷ್ಟು ವೆಚ್ಚ ವ್ಯರ್ಥ. ಕಿರಣಚಿಕಿತ್ಸೆಯಿಂದ ಬಡವಾದ ದವಡೆ, ಉಳಿಯುವುದೋ ಇಲ್ಲವೋ ಎಂಬಂತಿರುವ ತೊಗಲು, ಮಧುಮೇಹಿಯ ಪಾದದ ಮಾಯದ ಹುಣ್ಣು, ಇಂತಹ ಕಡೆ ಆಯ್ದು ಪ್ರಯೋಗಿಸುವರು. ಪಾದದ ಹುಣ್ಣಿನ ವಿಷಯದಲ್ಲಂತೂ ವೈದ್ಯರೊಳಗೇ ಒಮ್ಮತವಿಲ್ಲ.

ಎರಡು ವಾಯುಭಾರವೋ ತುಸು ಹೆಚ್ಚೋ, ದಿನಕ್ಕೆ ಸುಮಾರು ಒಂದೂವರೆ ಗಂಟೆ. ಹೀಗೆ ಅನೇಕರಿಗೆ ಇಪ್ಪತ್ತು ಮೂವತ್ತು ಸಲ. ಒತ್ತಡ ಏರುವಾಗ ಕಿವಿ ಗಡಚಿಕ್ಕುವುದು. ಘಟ್ಟವಿಳಿಯುವ ಮೋಟಾರಿನಲ್ಲಿ ಕುಳಿತವರಂತೆ ರೋಗಿ ಉಗುಳು ನುಂಗುತ್ತ ಮಲಗಿರಬೇಕು. ಬೆಂಕಿಯ ಭಯದಿಂದ, ಬೆಂಕಿಪೆಟ್ಟಿಗೆಯಂತಿರಲಿ, ಎಣ್ಣೆ ಹಚ್ಚಿದ ತಲೆಯನ್ನೂ ಒಳಕ್ಕೆ ಬಿಡರು. ಹೊರಬಂದಮೇಲೆ ವೈದ್ಯನು ಹೊಸ ತೊಗಲನ್ನು ಬೆರಳಿನಿಂದ ಮೆಲ್ಲನೆ ಒತ್ತಿ ಬಿಡುವನು. ಒತ್ತಿದ ಜಾಗ ಬಿಳಿಚಿಕೊಳ್ಳುವುದು. ಕೆಂಪು ಮರಳುವ ತನಕ, ಅದು ಎರಡು ಕ್ಷಣವೇ ಆಗಲಿ, ರೋಗಿಯೂ ಅವನ ಮನೆಯವರೂ ವೈದ್ಯನ ಮುಖವನ್ನೇ ನೋಡುತ್ತಿರುವರು.