ಹೊಸ ಆವೃತ್ತಿ

ಗ್ರಂಥಲೋಕದಲ್ಲಿ ‘ಆವೃತ್ತಿ’ ಎಂಬ ಶಬ್ದಕ್ಕೆ ಒಂದು ಗೌರವವುಂಟು. ಪುಸ್ತಕವೊಂದು ಎರಡನೆಯ ಆವೃತ್ತಿಯನ್ನು ಕಂಡಿತೆಂದರೆ, ಅದಕ್ಕೆ ಓದುವವರು ಇರುವರೆಂದೂ ಗ್ರಂಥಕರ್ತನು ಮೊದಲಿನ ತಪ್ಪುಗಳನ್ನು ತಿದ್ದಿರುವನೆಂದೂ ಜನರು ತಿಳಿಯುವರು. ಹೊಸ ಪ್ರತಿಯನ್ನು ಕೊಂಡವನ ಕಪಾಟಿನಲ್ಲಿ ಹಳೆಯ ಪ್ರತಿಯೂ ಉಳಿದಿರುವದು. ಎರಡನ್ನೂ ಎದುರುಬದುರಾಗಿ ತೆರೆದಿಟ್ಟು, ಎಲ್ಲಿ ಏನು ಕೂಡಿತು, ಎಲ್ಲಿ ಏನು ಬಿಟ್ಟುಹೋಯಿತು ಎಂದು ನೋಡಲು ಯಾವ ಅಡ್ಡಿಯೂ ಇಲ್ಲ.

ಗಣಕಯಂತ್ರದಲ್ಲಿ ಜಾಲಪುಟಗಳನ್ನು ತೆರೆದು ತೋರಿಸುವ ಬ್ರೌಸರಿನ ಆವೃತ್ತಿಯ ರೀತಿಯೇ ಬೇರೆ. ಅಲ್ಲಿ ಹೊಸದು ಹಳೆಯದರ ಪಕ್ಕದಲ್ಲಿ ನಿಲ್ಲುವದಿಲ್ಲ. ಅದರ ಜಾಗದಲ್ಲಿಯೇ ಕುಳಿತುಬಿಡುವದು. ರಾತ್ರಿ ಒಂದು ಬಗೆಯಾಗಿದ್ದುದು ಬೆಳಿಗ್ಗೆ ಇನ್ನೊಂದು ಬಗೆಯಾಗಿರುವದು. ಮನೆಯ ಯಜಮಾನನಿಗೆ ಅದರ ಸುದ್ದಿಯೂ ಇರುವದಿಲ್ಲ. ಆದುದರಿಂದ ಹೊಸ ಬ್ರೌಸರನ್ನು ಪರೀಕ್ಷಿಸಿ ನೋಡುವದೆಂದರೆ ಈ ಕಾಲದ ಹಲವರಿಗೆ ವ್ಯರ್ಥವಾದ ಮಾತೆಂದು ತೋರುವದು. ಬಂದುದನ್ನು ಬಂದಂತೆ ಒಪ್ಪಿಕೊಳ್ಳುವದೇ ರೂಢಿಯಾಗಿದೆ.

ಈ ವೇಗವು ಮೊದಲಿನಿಂದಲೂ ಇದ್ದುದಲ್ಲ. ಟಿಮ್ ಬರ್ನರ್ಸ್-ಲೀ ಎಂಬವರು 1990ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿದ್ದುಕೊಂಡು ಮೊದಲನೆಯ ಬ್ರೌಸರನ್ನು ರಚಿಸಿದರು. 1993ರಲ್ಲಿ ಅಮೇರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಮೊಸಾಯಿಕ್ ಹೊರಟಿತು. 1994ರಲ್ಲಿ ನೆಟ್‌ಸ್ಕೇಪ್, 1995ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್, 2004ರಲ್ಲಿ ಫೈರ್‌ಫಾಕ್ಸ್, 2008ರಲ್ಲಿ ಕ್ರೋಮ್ ಬಂದವು. ಮೊದಮೊದಲು ಹೊಸ ಆವೃತ್ತಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು. ಮುಂದೆ ಅದು ನಾಲ್ಕು ವಾರಗಳಿಗೊಮ್ಮೆ ಬರತೊಡಗಿತು. 2022ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ನೂರನೆಯ ಆವೃತ್ತಿಯನ್ನು ದಾಟಿದವು. ಆವೃತ್ತಿಯ ಅಂಕಿಯೇ ತೊಡಕಾದ ಕಥೆಯೂ ಒಂದುಂಟು. 2009ರಲ್ಲಿ ಓಪೆರಾ ಎಂಬ ಬ್ರೌಸರು ಹತ್ತನೆಯ ಆವೃತ್ತಿಗೆ ಬಂದಾಗ, ಕೆಲವು ಜಾಲಪುಟಗಳು ‘10’ರಲ್ಲಿಯ ಮೊದಲನೆಯ ಅಂಕಿಯನ್ನು ಮಾತ್ರ ಓದಿ, ಇದು ತೀರ ಹಳೆಯದಾದ ಒಂದನೆಯ ಆವೃತ್ತಿಯೆಂದು ಬಗೆದವು. ಕೊನೆಗೆ ಓಪೆರಾ ತನ್ನನ್ನು ‘9.80’ ಎಂದೇ ಹೇಳಿಕೊಳ್ಳಬೇಕಾಯಿತು. ಬೆಳೆದುದನ್ನು ಮುಚ್ಚಿಟ್ಟು ಬಾಳಬೇಕಾದ ಪ್ರಸಂಗವು ಯಂತ್ರಗಳಿಗೂ ತಪ್ಪಿದ್ದಲ್ಲ.

ಇರಲಿ. ಬಂದುದನ್ನು ಬಂದಂತೆ ಒಪ್ಪದೆ, ಪರೀಕ್ಷಿಸಿಯೇ ಒಳಗೆ ಕರೆದುಕೊಂಡ ಹಿರಿಯರೊಬ್ಬರು ಗೋಕಾಕ ಫಾಲ್ಸಿನಲ್ಲಿರುವರು.

ಘಟಪ್ರಭೆಯು 52 ಮೀಟರು ಎತ್ತರದಿಂದ ಧುಮುಕುವ ಈ ಸ್ಥಳಕ್ಕೆ ದೂರದ ಜನರು ಬರುವದು ನೀರನ್ನೂ ತೂಗುಸೇತುವೆಯನ್ನೂ ನೋಡಲಿಕ್ಕೆ. ಊರವರಿಗಾದರೋ ಅದು ಮೊದಲು ಗಿರಣಿಯ ಊರು. 1887ರಷ್ಟು ಹಿಂದೆಯೇ ಇಲ್ಲಿಯ ನೀರಿನ ಬಲದಿಂದ ನೂಲಿನ ಗಿರಣಿಯು ನಡೆಯತೊಡಗಿತು. ಈ ಹಿರಿಯರು ತಮ್ಮ ಆಯುಷ್ಯದ ಬಹುಭಾಗವನ್ನು ನೂಲನ್ನು ಪರೀಕ್ಷಿಸುವದರಲ್ಲಿ ಕಳೆದವರು. ಒಂದೂವರೆ ಗಜ ಸುತ್ತಳತೆಯ ರಾಟೆಗೆ ನೂಲನ್ನು ಎಂಬತ್ತು ಸುತ್ತು ಸುತ್ತಿದರೆ 120 ಗಜಗಳ ಒಂದು ‘ಲೀ’ ಆಗುವದು. ಅಂತಹ ಏಳು ‘ಲೀ’ಗಳಿಗೆ ಒಂದು ಹ್ಯಾಂಕು. ಒಂದು ಪೌಂಡಿನ ತೂಕದಲ್ಲಿ ಎಷ್ಟು ಹ್ಯಾಂಕುಗಳು ಹಿಡಿಸುವವೋ ಅಷ್ಟು ಆ ನೂಲಿನ ನಂಬರು. ಅಳೆದು ತೂಗಿದ ಮೇಲೆ ಅದನ್ನು ಯಂತ್ರದ ಕೊಕ್ಕೆಗಳಿಗೆ ಸಿಕ್ಕಿಸಿ ಹರಿಯುವವರೆಗೆ ಎಳೆಯುವರು. ಎಷ್ಟು ಭಾರಕ್ಕೆ ಹರಿಯಿತೆಂಬುದೇ ಅದರ ಗಟ್ಟಿತನ. ಅಳತೆ, ತೂಕ, ಎಳೆತ ಈ ಮೂರೂ ಆಗದೆ ಯಾವ ನೂಲಿಗೂ ಅವರು ಒಳ್ಳೆಯದೆಂದು ಹೇಳಿದವರಲ್ಲ.

ಅವರ ಮನೆಯಲ್ಲಿ ವಿಂಡೋಸ್ ಎಕ್ಸ್‌ಪಿ ಕಾಲದ ಗಣಕಯಂತ್ರವೊಂದಿತ್ತು. 2014ರ ಎಪ್ರಿಲಿನಲ್ಲಿ ಎಕ್ಸ್‌ಪಿಗೆ ತಯಾರಕರ ಆಧಾರವು ತಪ್ಪಿದರೂ ಅದು ಮೂಲೆಯಲ್ಲಿ ಉಸಿರಾಡಿಕೊಂಡಿತ್ತು. ಅದರಲ್ಲಿಯ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಒಂದೊಂದೇ ಜಾಲಪುಟವು ಬಾಗಿಲು ಮುಚ್ಚುತ್ತ ಬಂದು, ಕೊನೆಗೆ ನಿವೃತ್ತಿವೇತನದ ವಿವರವನ್ನು ನೋಡುವದೂ ಸಾಧ್ಯವಾಗದೆ ಹೋಯಿತು. ಮೊಮ್ಮಗನು ಹೊಸ ಯಂತ್ರವನ್ನು ತಂದಿಟ್ಟನು. ಅದರಲ್ಲಿ ಎಜ್ ಎಂಬ ಬ್ರೌಸರಿತ್ತು. ಎಕ್ಸ್‌ಪ್ಲೋರರಿನ ಮನೆತನದ್ದೇ ಆದ ಇದು 2015ರಲ್ಲಿ ಹುಟ್ಟಿ, 2020ರಲ್ಲಿ ಕ್ರೋಮಿಗೆ ಮೂಲವಾದ ಕ್ರೋಮಿಯಮ್ಮಿನ ಅಡಿಪಾಯದ ಮೇಲೆ ಮರಳಿ ಕಟ್ಟಲ್ಪಟ್ಟಿದೆ.

“ಅಜ್ಜಾ, ಹಳೇದನ್ನ ಇನ್ನ ಮಾರಿಬಿಡೂಣು. ಹೊಸಾದು ಬಂತಲ್ಲ,” ಎಂದನು ಹುಡುಗ.

“ಹೊಸಾ ನೂಲಂದಕೂಡ್ಲೆ ಗಟ್ಟಿ ಅಂತಲ್ಲೋ ತಮ್ಮಾ. ಜಗ್ಗಿ ನೋಡಬೇಕು. ಅಲ್ಲೀತನಾ ಹಳೇದು ಇರಲಿ,” ಎಂದರು ಅಜ್ಜನವರು.

ಹೀಗೆ ಎರಡು ಯಂತ್ರಗಳು ಒಂದೇ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಕುಳಿತವು. ಬ್ರೌಸರಿನ ಆವೃತ್ತಿಗೆ ದೊರೆಯದ, ಪುಸ್ತಕದ ಆವೃತ್ತಿಗೆ ಮಾತ್ರ ದೊರೆಯುವ ಅನುಕೂಲವು ಆ ಮನೆಯಲ್ಲಿ ಬ್ರೌಸರಿಗೂ ದೊರೆಯಿತು.

ಮೊದಲನೆಯದು ಅಳತೆ. ತಾವು ದಿನಾಲು ನೋಡುವ ಪುಟಗಳನ್ನು ಅಜ್ಜನವರು ಒಂದು ಕಾಗದದ ಮೇಲೆ ಬರೆದು, ಒಂದೊಂದನ್ನೇ ತೆರೆಸಿದರು. ನಿವೃತ್ತಿವೇತನದ ಪುಟವು ತೆರೆಯಿತು, ವರ್ತಮಾನಪತ್ರಗಳು ತೆರೆದವು, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ತೆರೆಯಿತು. ಎರಡನೆಯದು ತೂಕ. ಹತ್ತು ಪುಟಗಳನ್ನು ಒಟ್ಟಿಗೆ ತೆರೆದಿಟ್ಟರೂ ಯಂತ್ರವು ಏದುಸಿರು ಬಿಡಲಿಲ್ಲ.

ಮೂರನೆಯದೇ ಮುಖ್ಯವಾದ ಎಳೆತ. ಅಜ್ಜನವರಿಗೆ ಎಳೆತವೆಂದರೆ ಕನ್ನಡದ ಒತ್ತಕ್ಷರ. ಕನ್ನಡದ ಅಕ್ಷರಗಳು ತೆರೆಯ ಮೇಲೆ ಸಾಲಾಗಿ ನಿಂತರೆ ಸಾಲದು. ಅವು ಒಂದರ ಕೆಳಗೊಂದು, ಒಂದರ ಮಗ್ಗುಲಿಗೊಂದು ಕೂಡಿಕೊಳ್ಳಬೇಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ 1991ರ ಮೊದಲನೆಯ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೆ ಸಂಖ್ಯೆಯನ್ನು ಓದಿ ರೂಪವನ್ನು ಕಟ್ಟುವ ಕೆಲಸವು ಬ್ರೌಸರಿಗೂ ಅದರ ಬೆನ್ನಿಗಿರುವ ಅಕ್ಷರಜೋಡಣೆಯ ಸಾಧನಕ್ಕೂ ಸೇರಿದ್ದು. ‘ಸೂರ್ಯ’ ಎಂಬಲ್ಲಿ ರಕಾರವು ಅರ್ಕಾವತ್ತಾಗಿ ಬಲಕ್ಕೆ ಸರಿಯಬೇಕು. ‘ರ‍್ಯಾಂಕು’ ಎಂಬಲ್ಲಿ ಅದೇ ರಕಾರವು ಸರಿಯದೆ ಯಕಾರವೇ ಒತ್ತಾಗಿ ಕೆಳಗಿಳಿಯಬೇಕು. ಎರಡಕ್ಕೂ ಇರುವ ಭೇದವು, ನಡುವೆ ಅಡಗಿಕೊಂಡ, ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತಿನದು. ಹಳೆಯ ಬ್ರೌಸರುಗಳು ಇಂತಹ ಎಡೆಗಳಲ್ಲಿ ಮುಗ್ಗರಿಸುತ್ತಿದ್ದವು. ಹೊಸದು ಎರಡನ್ನೂ ನೆಟ್ಟಗೆ ಬರೆದು ತೋರಿಸಿತು. ಅದೂ ಅಲ್ಲದೆ, ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡೂ ಅದರಲ್ಲಿತ್ತು. ಅಜ್ಜನವರು ಕಣ್ಣು ಮುಚ್ಚಿಕೊಂಡು ವರ್ತಮಾನಪತ್ರದ ಒಂದು ಅಂಕಣವನ್ನು ಪೂರ್ತಿಯಾಗಿ ಕೇಳಿದರು.

ಅಷ್ಟಕ್ಕೆ ಮುಗಿದಿದ್ದರೆ ಹೊಸದಕ್ಕೆ ಮೊದಲನೆಯ ಶ್ರೇಣಿಯೇ ದೊರೆಯುತ್ತಿತ್ತು. ಆದರೆ ಕಾಗದದ ಕೊನೆಗೆ ಇನ್ನೊಂದು ಹೆಸರು ಉಳಿದಿತ್ತು. ಅದು ಅವರ ಮಡದಿಯ ಹಾಡುಗಳದು. ಆ ತಾಯಿ ಬೀಸುವ ಕಲ್ಲಿನ ಪದಗಳನ್ನು ಬಲ್ಲವರಾಗಿದ್ದರು. ಓದುಬರಹ ಅವರಿಗೆ ತಿಳಿದಿರಲಿಲ್ಲ. ಆಗಿನ ಕಾಲದಲ್ಲಿ ಹತ್ತಿರದ ನಂಟನೊಬ್ಬನು ಅವರ ಬದಿಯಲ್ಲಿ ಕುಳಿತು ಹಾಡುಗಳನ್ನು ಬರೆದುಕೊಂಡು, ಜಾಲಪುಟಗಳ ರೂಪದಲ್ಲಿ ಅಚ್ಚುಕಟ್ಟಾಗಿ ಹೊಂದಿಸಿ, ಒಂದು ಸಿ.ಡಿ.ಯಲ್ಲಿ ತುಂಬಿ ಕೊಟ್ಟಿದ್ದನು. ಆ ತಾಯಿ ತೀರಿಕೊಂಡು ವರ್ಷಗಳಾದವು. ಬರೆದುಕೊಂಡ ವಹಿಯೂ ಕಳೆದುಹೋಗಿದೆ. ಉಳಿದುದು ಆ ಪುಟಗಳು ಮಾತ್ರ.

ಹೊಸ ಯಂತ್ರದಲ್ಲಿ ಮೊಮ್ಮಗನು ಆ ಪುಟಗಳನ್ನು ತೆರೆದನು. ತೆರೆಯ ಮೇಲೆ ಒಂದಾದರೂ ಕನ್ನಡದ ಅಕ್ಷರವಿರಲಿಲ್ಲ. ರೋಮನ್ ಅಕ್ಷರಗಳೂ ಚಿಹ್ನೆಗಳೂ ಜಾತ್ರೆಯಲ್ಲಿ ದಾರಿತಪ್ಪಿದವರಂತೆ ಒಂದಕ್ಕೊಂದು ಸಂಬಂಧವಿಲ್ಲದೆ ನಿಂತಿದ್ದವು. ಓದುವ ಏರ್ಪಾಡಿಗೆ ಹೇಳಿದರೆ ಅದು ಅರ್ಥವಿಲ್ಲದ ಶಬ್ದಗಳನ್ನು ಉಚ್ಚರಿಸತೊಡಗಿತು. ಅಜ್ಜನವರು ಕೈಯೆತ್ತಿ ನಿಲ್ಲಿಸಲು ಹೇಳಿದರು. ಪಕ್ಕದ ಹಳೆಯ ಯಂತ್ರದಲ್ಲಿ ಮಾತ್ರ ಅದೇ ಹಾಡುಗಳು ದುಂಡಗಿನ ಕನ್ನಡದಲ್ಲಿ ಮೊದಲಿನಂತೆಯೇ ಕಾಣುತ್ತಿದ್ದವು.

ಇದರ ಕಾರಣವು ಗೂಢವಾದುದೇನಲ್ಲ. ಯೂನಿಕೋಡ್ ಬಳಕೆಗೆ ಬರುವದಕ್ಕಿಂತ ಮುಂಚೆ ಕನ್ನಡದ ಅಕ್ಷರಗಳಿಗೆ ಗಣಕಯಂತ್ರದಲ್ಲಿ ಸ್ವಂತದ ಆಸನಗಳಿರಲಿಲ್ಲ. ರೋಮನ್ ಅಕ್ಷರಗಳ ಆಸನಗಳಲ್ಲಿಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂಡಿಸಿ ಕೆಲಸ ಸಾಗಿಸುತ್ತಿದ್ದರು. ಒಂದೊಂದು ಅಕ್ಷರಮಾದರಿಯಲ್ಲಿ ಒಂದೊಂದು ಕ್ರಮ. ಆ ಮಾದರಿಯು ವಾಚಕನಲ್ಲಿ ಇಲ್ಲದಿದ್ದರೆ ಓದು ನಿಲ್ಲುವದು. ಇದಕ್ಕೆಂದು 1997ರಲ್ಲಿ ಬಂದ ನಾಲ್ಕನೆಯ ಎಕ್ಸ್‌ಪ್ಲೋರರು, ಪುಟದ ಜೊತೆಗೆ ಅಕ್ಷರಮಾದರಿಯನ್ನೂ ತನ್ನದೇ ಆದ ಒಂದು ಕಟ್ಟಿನಲ್ಲಿ ಒಯ್ಯುವ ಉಪಾಯವನ್ನು ಒದಗಿಸಿತು. ಬೇರೆ ಬ್ರೌಸರುಗಳು ಆ ಕಟ್ಟನ್ನು ಬಿಚ್ಚಲು ಕಲಿಯಲಿಲ್ಲ. 2022ರ ಜೂನ್ 15ರಂದು ಎಕ್ಸ್‌ಪ್ಲೋರರಿಗೆ ನಿವೃತ್ತಿಯಾಯಿತು. 2023ರ ಫೆಬ್ರುವರಿಯಲ್ಲಿ ವಿಂಡೋಸ್ 10ರಲ್ಲಿಯೂ ಅದರ ಬಾಗಿಲಿಗೆ ಬೀಗ ಬಿದ್ದಿತು. ಕಟ್ಟನ್ನು ಬಿಚ್ಚುವವನು ಹೋದ ಮೇಲೆ ಕಟ್ಟು ಉಳಿದು ಫಲವೇನು?

“ಹೊಸಾದು ಫೇಲಾತಲ್ಲಜ್ಜಾ,” ಎಂದನು ಹುಡುಗ, ತಗ್ಗಿದ ಧ್ವನಿಯಿಂದ.

ಅಜ್ಜನವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಯಂತ್ರದ ತಪ್ಪಲ್ಲೋ. ನೂಲ ಕಚ್ಚಾ ಇತ್ತು. ಹಳೇದು ಅದನ್ನ ಜಗ್ಗಲೇ ಇಲ್ಲ, ಹಂಗಾಗಿ ಹರೀಲಿಲ್ಲ. ಇದು ಜಗ್ಗಿತು,” ಎಂದರು.

ಈ ಮಾತು ವಿಚಾರಾರ್ಹವಾದುದು. ಜನರು ಹೊಸ ಆವೃತ್ತಿಯನ್ನು ನೋಡುವಾಗ ಅದರ ಬಣ್ಣವನ್ನೂ ವೇಗವನ್ನೂ ನೋಡುವರು. ಅದು ತಮ್ಮನ್ನು ಪರೀಕ್ಷಿಸುತ್ತಿರುವದೆಂಬುದನ್ನು ಮರೆಯುವರು. ತಾವು ಏನನ್ನು ಯಾವ ರೂಪದಲ್ಲಿ ಕೂಡಿಟ್ಟಿರುವರು, ಅದು ಒಬ್ಬನೇ ಕಾವಲುಗಾರನ ಕೈಯಲ್ಲಿರುವದೋ ಅಥವಾ ಎಲ್ಲರೂ ಓದಬಲ್ಲ ಲಿಪಿಯಲ್ಲಿರುವದೋ ಎಂಬುದು ಹಳೆಯದು ನಡೆಯುತ್ತಿರುವವರೆಗೆ ತಿಳಿಯುವದೇ ಇಲ್ಲ. ಹಳೆಯ ಬ್ರೌಸರಿನ ಪ್ರೀತಿಯು ಮುದ್ದುಮಾಡುವ ಅಜ್ಜಿಯ ಪ್ರೀತಿಯಂತೆ. ಅದು ಊನವನ್ನು ಮುಚ್ಚುವದು.

ಮುಂದಿನ ಕೆಲಸವು ತಾಳ್ಮೆಯದಾಗಿತ್ತು. ಹಳೆಯ ಅಕ್ಷರಮಾದರಿಗಳ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳುಂಟು. ಅವು ಬಹುಪಾಲು ಕೆಲಸವನ್ನು ಮಾಡುವವು. ಉಳಿದುದು ಮನುಷ್ಯನ ಪಾಲು. ಹಳೆಯ ಮಾದರಿಗಳು ಕಣ್ಣಿನ ಕ್ರಮವನ್ನು ಅನುಸರಿಸಿದ್ದವು: ‘ಸೂರ್ಯ’ದಲ್ಲಿ ಮೊದಲು ಯಕಾರ, ಆಮೇಲೆ ಅರ್ಕಾವತ್ತು. ಯೂನಿಕೋಡಾದರೋ ಕಿವಿಯ ಕ್ರಮವನ್ನು ಅನುಸರಿಸುವದು: ಮೊದಲು ರಕಾರ, ಆಮೇಲೆ ಯಕಾರ. ಈ ಸ್ಥಾನಪಲ್ಲಟದಲ್ಲಿ ಸೂರ್ಯನು ಅಲ್ಲಲ್ಲಿ ‘ಸೂಯ್ರ’ನಾಗಿದ್ದನು. ಮೊಮ್ಮಗನು ಹೊಸ ಯಂತ್ರದಲ್ಲಿ ಓದುವನು; ಅಜ್ಜನವರು ಹಳೆಯದರಲ್ಲಿ ಬೆರಳಿಟ್ಟು ನೋಡುವರು. ‘ಬ್ಯಾಡ’ ಎಂದಿದ್ದುದನ್ನು ಹುಡುಗನು ‘ಬೇಡ’ ಎಂದು ತಿದ್ದಹೋದಾಗ ಅಜ್ಜನವರು ತಡೆದರು: “ಆಕಿ ಹಂಗ ಅಂತಿರಲಿಲ್ಲ.” ಅರ್ಕಾವತ್ತನ್ನು ತಿದ್ದುವದು ಬೇರೆ, ಬಾಯಿಮಾತನ್ನು ತಿದ್ದುವದು ಬೇರೆ ಎಂಬ ವಿವೇಕವನ್ನು ಹುಡುಗನು ಅಂದು ಕಲಿತನು.

ಒಂದು ಕಡೆಯಲ್ಲಿ ಹಳೆಯ ಪುಟದಲ್ಲಿಯೇ ಅಕ್ಷರದ ಬದಲಾಗಿ ಬರಿಯ ಚೌಕವಿತ್ತು. ಓಣಿಯ ವೃದ್ಧೆಯೊಬ್ಬರನ್ನು ಕೇಳಿದರೆ ಅವರು ಆ ಪದವನ್ನು ಹಾಡಿ ತೋರಿಸಿದರು. ಆದರೆ ಅವರ ಬಾಯಲ್ಲಿ ಆ ನುಡಿಯ ಸಾಗಣೆಯೇ ಬೇರೆಯಾಗಿತ್ತು. ಅಜ್ಜನವರು ಆ ಜಾಗವನ್ನು ತೆರವಾಗಿಯೇ ಬಿಡಿಸಿ, ವೃದ್ಧೆಯ ಪಾಠವನ್ನು ಕೆಳಗೆ ಬೇರೆಯಾಗಿ ಬರೆಯಿಸಿದರು. ತಿಳಿಯದುದನ್ನು ತುಂಬಿಸಿಬಿಡುವದಕ್ಕಿಂತ ತೆರವನ್ನು ಕಾಯ್ದಿಡುವದು ಪ್ರಾಮಾಣಿಕವಾದ ಸಂಪಾದನೆಯೆಂದು ಪಂಡಿತರು ಹೇಳುವದನ್ನು ಅವರು ಓದಿರಲಿಕ್ಕಿಲ್ಲ. ಗಿರಣಿಯ ವಹಿಯಲ್ಲಿ ನೋಡದ ಅಂಕಿಯನ್ನು ಬರೆಯಬಾರದೆಂಬುದನ್ನು ಬಲ್ಲವರಾಗಿದ್ದರು.

ಕೆಲಸವು ಮುಗಿದ ದಿನ ಹುಡುಗನು ತಿದ್ದಿದ ಪುಟವನ್ನು ಹೊಸ ಬ್ರೌಸರಿನಿಂದಲೇ ಓದಿಸಿದನು. ಯಂತ್ರದ ಕಂಠಕ್ಕೆ ಹಾಡಿನ ಲಯ ಗೊತ್ತಿಲ್ಲ. ‘ಬ್ಯಾಡ’ವನ್ನು ಅದು ವರ್ತಮಾನಪತ್ರದ ಸುದ್ದಿಯಂತೆ ಹೇಳಿತು. ಆದರೂ ಮಾತುಗಳು ಮಾತುಗಳಾಗಿಯೇ ಹೊರಟವು. ಹಾಡುಗಳ ಒಂದು ಪ್ರತಿಯನ್ನು ಕಾಗದದ ಮೇಲೂ ಅಚ್ಚುಹಾಕಿಸಿ ಮನೆಯ ಗೂಡಿನಲ್ಲಿ ಇಟ್ಟರು.

ಇಂತಹ ಕಟ್ಟುಗಳು ಕನ್ನಡದ ಎಷ್ಟೋ ಮನೆಗಳಲ್ಲಿಯೂ ಸಂಘಗಳ ಕಪಾಟುಗಳಲ್ಲಿಯೂ ಇದ್ದೇ ಇರುವವು: ಊರಿನ ಚರಿತ್ರೆಗಳು, ಸ್ಮರಣಸಂಚಿಕೆಗಳು, ಹಾಡುಗಳು, ಹೆಸರಿನ ಪಟ್ಟಿಗಳು. ಬಿಚ್ಚುವವನು ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಹಳೆಯ ಎಕ್ಸ್‌ಪ್ಲೋರರಿನ ಪುಟಗಳನ್ನು ತೆರೆಯುವ ಒಂದು ಹಿತ್ತಿಲ ಬಾಗಿಲನ್ನು ಎಜ್‌ನೊಳಗೆ ಇಟ್ಟಿರುವರು. ಕಡಿಮೆಯೆಂದರೂ 2029ರವರೆಗೆ ಅದನ್ನು ತೆರೆದಿಡುವೆವೆಂದು ಅದರ ತಯಾರಕರು ಮಾತು ಕೊಟ್ಟಿರುವರು. ಆ ಅವಧಿಯೊಳಗೆ ತಮ್ಮ ತಮ್ಮ ಕಟ್ಟುಗಳನ್ನು ಹೊರಗೆ ತೆಗೆದು ಒಮ್ಮೆ ಜಗ್ಗಿ ನೋಡುವದು ಎಲ್ಲರಿಗೂ ಹಿತಕರ. ಹರಿದರೆ ಈಗಲೇ ಹರಿಯಲಿ. ಗಂಟು ಹಾಕುವವರು ಇನ್ನೂ ಇರುವರು.