ಬ್ಯಾಂಕಿನ ಎದುರಿನ ಜೆರಾಕ್ಸ್ ಅಂಗಡಿ

ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಜೆರಾಕ್ಸ್ ಅಂಗಡಿ ಇರುವುದು ಒಂದು ಬ್ಯಾಂಕಿನ ಎದುರಿಗೆ. ಬ್ಯಾಂಕಿನವರು ಏನೇನು ಕೇಳುತ್ತಾರೋ ಅದೇ ನನ್ನ ವ್ಯಾಪಾರ. ಆಧಾರ್ ಬರುವ ಮುಂಚೆ ಅವರು ಕೇಳುತ್ತಿದ್ದುದು ಎರಡು ಫೋಟೊ, ರೇಷನ್ ಕಾರ್ಡಿನ ನಕಲು, ಅದೇ ಶಾಖೆಯಲ್ಲಿ ಖಾತೆ ಇದ್ದ ಒಬ್ಬರ ಪರಿಚಯದ ಸಹಿ. ತಂಬ್ರಹಳ್ಳಿ, ಹಂಪಸಾಗರ, ಕೋಗಳಿ ಕಡೆಯಿಂದ ಬಂದವರು ಆ ಒಂದು ಸಹಿಗಾಗಿ ನನ್ನ ಅಂಗಡಿ ಕಟ್ಟೆಯ ಮೇಲೆ ಕೂತು ತಮ್ಮೂರಿನವರು ಯಾರಾದರೂ ಸಿಕ್ಕಾರೇ ಎಂದು ದಾರಿ ಕಾಯುತ್ತಿದ್ದರು. ಮೇಷ್ಟ್ರೋ ದಲಾಲಿ ಅಂಗಡಿ ಸಾಹುಕಾರರೋ ಸಿಕ್ಕು, "ಇಂವ ನಮ್ಮಾಂವ" ಎಂದು ಗೀಚಿಕೊಟ್ಟರೆ ಖಾತೆ ತೆರೆದಂತೆಯೇ. ರೊಕ್ಕ ತೆಗೆಯಲು ಬಂದವರಿಗೆ ನಾನು ಚೀಟಿ ತುಂಬಿಕೊಡುತ್ತಿದ್ದೆ. ಕ್ಯಾಷಿಯರ್ ಪಾಸ್‌ಬುಕ್ಕಿನ ಫೋಟೊ ನೋಡಿ, ಎದುರಿನ ಮುಖ ನೋಡಿ, ಹೆಬ್ಬೆಟ್ಟು ಒತ್ತಿಸಿಕೊಂಡು ಕೊಡುತ್ತಿದ್ದರು. ಭದ್ರತೆ ಅಂದರೆ ಅಷ್ಟೆ.

ನಮ್ಮ ಕಡೆಯ ಜನ ಬ್ಯಾಂಕು ಬದಲಿಸಿದ್ದಕ್ಕಿಂತ ಬ್ಯಾಂಕುಗಳೇ ಹೆಸರು ಬದಲಿಸಿಕೊಂಡದ್ದು ಹೆಚ್ಚು. ಬಳ್ಳಾರಿಯಲ್ಲಿ 1976ರಲ್ಲಿ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಚಿತ್ರದುರ್ಗ, ಕೋಲಾರ, ಸಹ್ಯಾದ್ರಿ ಗ್ರಾಮೀಣ ಬ್ಯಾಂಕುಗಳ ಜೊತೆ ಕೂಡಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಸೇರಿ ಪ್ರಗತಿ ಕೃಷ್ಣಾ ಆಯಿತು. 2019ರಲ್ಲಿ ಕಾವೇರಿಯೂ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರಲ್ಲಿ ಲೀನವಾಯಿತು. ಈ ನಡುವೆ 2017ರಲ್ಲಿ ಮೈಸೂರು ಬ್ಯಾಂಕು, ಹೈದರಾಬಾದ್ ಬ್ಯಾಂಕು ಸ್ಟೇಟ್ ಬ್ಯಾಂಕಿನ ಹೊಟ್ಟೆ ಸೇರಿದವು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ ಹೋಯಿತು. ಮುದುಕರು ಮಾತ್ರ ಇವತ್ತಿಗೂ "ತುಂಗಭದ್ರಾ ಬ್ಯಾಂಕಿಗೆ ಹೋಗಿ ಬರ್ತೀನಿ" ಅಂತಲೇ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಏನೂ ಆಗಿಲ್ಲ. ಜಿಲ್ಲೆಯೂ ಹಾಗೆಯೇ: ಊರು ಇದ್ದಲ್ಲೇ ಇದ್ದು 2021ರಲ್ಲಿ ಬಳ್ಳಾರಿ ಹೋಗಿ ವಿಜಯನಗರ ಬಂತು. ಹರಪನಹಳ್ಳಿಯವರಂತೂ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ ಎಂದು ಅರ್ಜಿಗಳಲ್ಲಿ ವಿಳಾಸ ತಿದ್ದಿ ತಿದ್ದಿ ಸಾಕಾದವರು.

ಹೆಸರು ಬದಲಾದರೆ ಬೋರ್ಡಿಗೆ ಬಣ್ಣ ಬಳಿದರಾಯಿತು. ಐಎಫ್‌ಎಸ್‌ಸಿ ಕೋಡ್ ಬದಲಾದಾಗ ಹಾಗಲ್ಲ. ಹನ್ನೊಂದು ಅಕ್ಷರ-ಅಂಕಿಗಳ ಆ ಕೋಡಿನಲ್ಲಿ ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು, ಐದನೆಯದು ಸೊನ್ನೆ, ಉಳಿದದ್ದು ಶಾಖೆಯದು. ಸಿಂಡಿಕೇಟಿನ ಹಳೆಯ ಕೋಡುಗಳು 2021ರ ಜುಲೈನಿಂದ ನಿಂತವು. ಮೆಕ್ಕೆಜೋಳ, ಶೇಂಗಾ ಮಾರಿದವರ ದುಡ್ಡು ನೇರ ಖಾತೆಗೆ ಬೀಳುವ ಕಾಲ ಆಗಲೇ ಬಂದಿತ್ತು. ಸಾಹುಕಾರರ ಪುಸ್ತಕದಲ್ಲಿ ಹಳೆಯ ಕೋಡು, ರೈತರ ಕೈಯಲ್ಲಿ ಹಳೆಯ ಪಾಸ್‌ಬುಕ್ಕು. ಮಿಷನ್ನಿಗೆ ಬಿಡುವೇ ಇಲ್ಲದಷ್ಟು ಹೊಸ ಪಾಸ್‌ಬುಕ್ಕಿನ ಮೊದಲ ಪುಟದ ನಕಲುಗಳನ್ನು ತೆಗೆದೆ.

ಕೋಡಿಗಿಂತ ದೊಡ್ಡ ತೊಡಕು ಗುಟ್ಟಿನ ಅಂಕಿಯದು. ಕಾರ್ಡಿನಿಂದ ಆನ್‌ಲೈನ್ ಪಾವತಿ ಮಾಡಲು ಕಾರ್ಡಿನ ಮೇಲೆ ಅಚ್ಚಾಗಿಲ್ಲದ ಇನ್ನೊಂದು ಗುಟ್ಟು ಬೇಕೇ ಬೇಕು ಎಂದು ರಿಸರ್ವ್ ಬ್ಯಾಂಕ್ 2009ರಲ್ಲೇ ಕಟ್ಟಪ್ಪಣೆ ಮಾಡಿತ್ತು. ನಮ್ಮೂರಿಗೆ ಅದರ ಬಿಸಿ ತಟ್ಟಿದ್ದು 2016ರ ನೋಟು ರದ್ದತಿ ಆದಮೇಲೆ, ಯುಪಿಐ ಬಂದಮೇಲೆ. ಈಗ ತರಕಾರಿ ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೂ ಕ್ಯೂಆರ್ ಕೋಡು. ಜೆರಾಕ್ಸ್ ಕಡಿಮೆಯಾಗಿ "ಫೋನ್‌ಪೇ ಹಾಕ್ಕೊಡ್ರಿ" ಎನ್ನುವವರು ಹೆಚ್ಚಾದರು. ನನಗೂ ಹೊಸ ಕಸುಬು ಕಲಿಯುವುದು ಬಂತು.

ಆ್ಯಪ್ ಮೊದಲು ನಂಬುವುದು ಸಿಮ್ಮನ್ನು. ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿದ್ದು, ಅದರಿಂದಲೇ ಒಂದು ಎಸ್ಸೆಮ್ಮೆಸ್ ತಾನಾಗಿ ಹೋಗಬೇಕು. ರೀಚಾರ್ಜ್ ಮುಗಿದಿದ್ದರೆ ಹೋಗದು. ಎರಡು ಸಿಮ್ ಇದ್ದು ತಪ್ಪು ಸಿಮ್ ಒತ್ತಿದರೂ ಆಗದು. ಆಮೇಲೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು-ವರ್ಷ, ಓಟಿಪಿ, ಕೊನೆಗೆ ಪಿನ್. ಕಾರ್ಡ್ ಇಲ್ಲದವರಿಗೆ ಈಚೆಗೆ ಆಧಾರ್ ಓಟಿಪಿಯ ದಾರಿಯೂ ಇದೆ. ಆದರೆ ಆಧಾರಿಗೂ ಬ್ಯಾಂಕಿಗೂ ಕೊಟ್ಟ ನಂಬರ್ ಒಂದೇ ಆಗಿರಬೇಕು. ಹೊಸ ಫೋನಿಗೆ ಹಾಕಿಕೊಂಡರೆ ಮೊದಲ 24 ಗಂಟೆ 5,000 ರೂಪಾಯಿ ಮೀರಿ ಕಳಿಸಲಾಗದು. ಕಳ್ಳರನ್ನು ತಡೆಯಲು ಮಾಡಿದ ಕಟ್ಟಳೆ, ಒಳ್ಳೆಯದೇ. ಆದರೆ ಬೀಜ-ಗೊಬ್ಬರದ ಅಂಗಡಿ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡವನಿಗೆ ಇದನ್ನು ತಿಳಿಸಿ ಹೇಳುವವರು ಯಾರು?

ಹೆಚ್ಚು ಗೋಳು ಬರುವುದು ನಂಬರಿನಿಂದ. ಅವ್ವನ ಖಾತೆಗೆ ಮಗನ ನಂಬರ್ ಕೊಟ್ಟಿರುತ್ತಾರೆ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿರುತ್ತಾನೆ. ಅವ್ವ ನನ್ನ ಅಂಗಡಿಯಲ್ಲಿ, ಓಟಿಪಿ ಬೆಂಗಳೂರಿನಲ್ಲಿ. ಫೋನ್ ಹಚ್ಚಿದರೆ ಅವನು ಡ್ಯೂಟಿಯಲ್ಲಿ, ಫೋನು ಲಾಕರಿನಲ್ಲಿ. ಸಂಜೆ ಅವನು ನೋಡುವ ಹೊತ್ತಿಗೆ ಓಟಿಪಿಯ ಅವಧಿ ಮುಗಿದು, ಅವ್ವ ಊರಿನ ಬಸ್ಸು ಹಿಡಿದಿರುತ್ತಾಳೆ.

2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾದಾಗ ಇನ್ನೊಂದು ಗಂಟು ಬಿಚ್ಚಿಕೊಂಡಿತು. ಸರ್ಕಾರದ 2,000 ರೂಪಾಯಿ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ. ಜನಧನದಲ್ಲಿ ಒಂದು, ಸಂಘದ ಸಾಲಕ್ಕೆ ಇನ್ನೊಂದು, ಹೀಗೆ ಖಾತೆ ತೆರೆಯುತ್ತ ಹೋದಾಗ ಜೋಡಣೆಯೂ ಬ್ಯಾಂಕಿನಿಂದ ಬ್ಯಾಂಕಿಗೆ ಹಾರಿತ್ತು. "ನನ್ನ ರೊಕ್ಕ ಯಾರೋ ತಿಂದಾರ" ಎಂದು ಅಳುತ್ತ ಬಂದ ಹೆಣ್ಣುಮಗಳ ದುಡ್ಡು, ಅವಳೇ ಮರೆತ ಹಳೆಯ ಖಾತೆಯಲ್ಲಿ ಒಂದು ಪೈಸೆಯೂ ಕಡಿಮೆಯಾಗದೆ ಬಿದ್ದಿತ್ತು. ಅವತ್ತಿನಿಂದ ಹೊಸ ಖಾತೆಯ ಅರ್ಜಿ ತುಂಬುವವರಿಗೆ ನಾನು ಮೊದಲು ಹೇಳುವ ಮಾತು: ಆಧಾರ್ ಜೋಡಣೆ ಎಲ್ಲಿರಬೇಕು ಎಂದು ಗಟ್ಟಿ ಮಾಡಿಕೊಂಡು ಸಹಿ ಹಾಕಿ.

ಫೋನ್ ಬೇಡ, ಹೆಬ್ಬೆಟ್ಟೇ ಸಾಕು ಎನ್ನುವ ಆಧಾರ್ ಮಿಷನ್ನೂ ಪಕ್ಕದಲ್ಲೇ ಇದೆ. ಶೇಂಗಾ ಕೀಳುವ ದಿನಗಳಲ್ಲಿ ಅದು ಕೂಲಿ ಹೆಣ್ಣುಮಕ್ಕಳ ಬೆರಳನ್ನು ಒಪ್ಪುವುದಿಲ್ಲ. ಗೆರೆಗಳು ಸವೆದಿರುತ್ತವೆ, ಸೀಳಿನಲ್ಲಿ ಮಣ್ಣು ಕೂತಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಹೆಬ್ಬೆಟ್ಟು ಬಿಟ್ಟು ತೋರುಬೆರಳು, ಅದೂ ಬಿಟ್ಟು ಉಂಗುರ ಬೆರಳು ಒತ್ತುತ್ತಾರೆ. ಶಾಯಿ ಹೆಬ್ಬೆಟ್ಟಿನ ಕಾಲದಲ್ಲಿ ಗೆರೆ ಮೂಡದಿದ್ದರೂ ಕ್ಯಾಷಿಯರಿಗೆ ಮುಖ ಕಾಣುತ್ತಿತ್ತು.

ಇಷ್ಟರ ನಡುವೆ ಮೋಸವೂ ಬೆಳೆದಿದೆ. ಕೆವೈಸಿ ಅವಧಿ ಮುಗಿದಿದೆ, ಖಾತೆ ಬಂದ್ ಆಗುತ್ತದೆ ಎಂಬ ಕರೆಗಳು ನಮ್ಮ ಹಳ್ಳಿಗಳಿಗೂ ಬರುತ್ತವೆ. ದುಡ್ಡು ಹೋದವರಿಗೆ ಕೂಡಲೇ 1930ಕ್ಕೆ ಫೋನ್ ಮಾಡಿ ಎಂದು ಅಂಗಡಿ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇನೆ. ಬ್ಯಾಂಕಿನವರ ಉಪದೇಶ ಒಂದೇ: ಓಟಿಪಿಯನ್ನು ಯಾರಿಗೂ ಹೇಳಬೇಡಿ. ಆದರೆ ನನ್ನ ಮುಂದೆ ನಿಲ್ಲುವವರು ಕೇಳುವುದೂ ಒಂದೇ: "ಇದರಾಗ ಏನು ಬರದಾರ, ಓದಿ ಹೇಳಪ್ಪಾ." ಮೊದಲು ಖಾತೆದಾರನನ್ನು ಗುರುತಿಸುವ ಹೊಣೆ ಬ್ಯಾಂಕಿನದಾಗಿತ್ತು; ಈಗ ತಾನು ತಾನೇ ಎಂದು ರುಜುಪಡಿಸುವ ಹೊಣೆ ಅವನ ತಲೆಯ ಮೇಲಿದೆ, ಅದೂ ಇಂಗ್ಲಿಷಿನಲ್ಲಿ.

ಇವರಿಗೆ ಅಂಕಿ ಬರುವುದಿಲ್ಲ ಎಂದಲ್ಲ. ಅಕ್ಷರ ಕಲಿಯದ ಹೆಣ್ಣುಮಕ್ಕಳೂ ಬಸ್ ಚಾರ್ಜು, ಸಂಘದ ಬಡ್ಡಿ ಬಾಯಲ್ಲೇ ಹೇಳುತ್ತಾರೆ. ಮಗಳ ನಂಬರ್ ಒತ್ತಿ ಮಾತಾಡುತ್ತಾರೆ. ತೊಡಕಿರುವುದು ಸಂದೇಶದೊಳಗೆ. ಖಾತೆಯ ಕೊನೆಯ ನಾಲ್ಕು ಅಂಕಿ, ಕಳಿಸುವ ಮೊತ್ತ, ಆರಂಕಿಯ ಓಟಿಪಿ, ಎಷ್ಟು ನಿಮಿಷ ಎಂಬ ಅವಧಿ, ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಯಾವುದು ಗುಟ್ಟು, ಯಾವುದು ಲೆಕ್ಕ? ಹಾಗಾಗಿ ನಾನೀಗ ಫೋನು ಮುಟ್ಟುವುದಿಲ್ಲ. "ಆರಂಕಿ ಇರೋದನ್ನ ಹುಡುಕು, ನೀನೇ ಒತ್ತು, ನನಗ ಹೇಳಬ್ಯಾಡ" ಎಂದು ದೂರ ನಿಂತು ಕಲಿಸುತ್ತೇನೆ. ಹೊತ್ತು ಹಿಡಿಯುತ್ತದೆ, ಬರುವ ಕಾಸೂ ಕಡಿಮೆ. ಅದೇ ಸಂದೇಶ "ಇದು ನಿಮ್ಮ ಗುಟ್ಟಿನ ಅಂಕಿ" ಎಂದು ಕನ್ನಡದಲ್ಲಿ, ಓದಲಾಗದವರಿಗೆ ದನಿಯಲ್ಲಿ ಬಂದರೆ ಇವರಲ್ಲಿ ಅರ್ಧ ಜನ ನನ್ನ ಅಂಗಡಿ ಮೆಟ್ಟಿಲು ಹತ್ತಲಾರರು. ಆ ನಷ್ಟಕ್ಕೆ ನಾನು ತಯಾರಿದ್ದೇನೆ.