ಒಂದೇ ಎಲೆಗೆ ಇಬ್ಬರು

ತಿಪಟೂರು ಉಂಡೆ ಕೊಬ್ಬರಿಗೆ ಹೆಸರುವಾಸಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತ ಕಾಯಿ ತನ್ನ ನೀರನ್ನು ತಾನೇ ಇಂಗಿಸಿಕೊಳ್ಳುತ್ತದೆ. ಕಾಯಿಪುಡಿ ಕಾರ್ಖಾನೆಗೆ ಅಷ್ಟು ಪುರುಸೊತ್ತಿಲ್ಲ. ಒಡೆದ ಕಾಯಿಯ ನೀರು, ತೊಳೆದ ನೀರು ಎಲ್ಲ ಹೊರಗೆ ಹರಿಯಬೇಕು. ನನ್ನ ಪಿಎಚ್‌.ಡಿ. ಆ ನೀರಿನದು.

ಸಕ್ಕರೆ, ಎಣ್ಣೆಯಂಶ ತುಂಬಿದ ಈ ನೀರನ್ನು ಗಾಳಿಯಾಡದ ತೊಟ್ಟಿಗೆ ಬಿಟ್ಟರೆ ಕೆಲವು ಬ್ಯಾಕ್ಟೀರಿಯಾ ಅದನ್ನು ಆಮ್ಲ, ಹೈಡ್ರೋಜನ್ ಆಗಿ ಒಡೆಯುತ್ತವೆ. ಆಮೇಲೆ ಒಂದೇ ಎಲೆಗೆ ಇಬ್ಬರು ಕೈಹಾಕುತ್ತಾರೆ. ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು 4 ಹೈಡ್ರೋಜನ್ ಅಣುಗಳಿಂದ 1 ಮೀಥೇನ್ ಮಾಡುತ್ತವೆ; ಅದು ಒಲೆ ಉರಿಸುತ್ತದೆ. ಕೊಳವೆಬಾವಿಯ ನೀರಿನೊಡನೆ ಸಲ್ಫೇಟ್ ಬಂದಿದ್ದರೆ, ಅದನ್ನು ಉಸಿರಾಡುವ ಬ್ಯಾಕ್ಟೀರಿಯಾ ಅದೇ 4 ಅಣುಗಳಿಂದ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಹೈಡ್ರೋಜನ್ ತೀರಾ ಕಡಿಮೆಯಿದ್ದಾಗಲೂ ಹೆಕ್ಕಿ ತಿನ್ನಬಲ್ಲ ಇವೇ ಸಾಮಾನ್ಯವಾಗಿ ಗೆಲ್ಲುತ್ತವೆ. ಸಲ್ಫೈಡ್ ಹೆಚ್ಚಾದರೆ ಆರ್ಕಿಯಾಗಳಿಗೆ ವಿಷವೂ ಹೌದು.

ಆದರೆ ಇವುಗಳ ಹಸಿವಿಗೆ ಮಿತಿಯಿದೆ. 1 ಗ್ರಾಂ ಸಲ್ಫೇಟ್ ಮುಗಿಯಲು, ರಾಸಾಯನಿಕ ಆಮ್ಲಜನಕ ಬೇಡಿಕೆಯ ಲೆಕ್ಕದಲ್ಲಿ, ಸುಮಾರು 0.67 ಗ್ರಾಂ ಆಹಾರ ಸಾಕು. ಮಿಕ್ಕಿದ್ದು ಮೀಥೇನಿನ ಪಾಲು. ಹಾಗಾಗಿ ತೊಟ್ಟಿ ಕಟ್ಟುವ ಮುಂಚೆ ಸಲ್ಫೇಟ್ ಅಳೆಯಬೇಕು.

ನಮ್ಮತ್ತೆ ಇಂಥದೊಂದು ಕಾರ್ಖಾನೆಯಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುತ್ತಾರೆ. ಹಿಂದಿನ ಗುಂಡಿಯ ನಾತದ ಬಗ್ಗೆ ಕೇಳಿದರೆ, "ಮೊದ್ಲು ಬರ್ತಿತ್ತು ಕಣೇ, ಈಗ ಗೊತ್ತೇ ಆಗಲ್ಲ" ಅಂದರು. ನನಗೆ ಸಮಾಧಾನವಾಗಲಿಲ್ಲ. ಹೈಡ್ರೋಜನ್ ಸಲ್ಫೈಡನ್ನು ಮೂಸುತ್ತಲೇ ಇದ್ದರೆ ಮೂಗು ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ಅನಿಲ ಮಾತ್ರ ಅಲ್ಲೇ ಇರುತ್ತದೆ.